ಹುಕ್ಕೇರಿಯ ನಾಲ್ಕು ಬೆರಳು

ಮೂಡಲಗಿಯ ಯಮನವ್ವನ ಎಡ ಸೊಂಟ ಬಲ ಸೊಂಟಕ್ಕಿಂತ ಕೊಂಚ ವಾಲಿದೆ. ಮುಪ್ಪಿನಿಂದ ವಾಲಿದ್ದಲ್ಲ, ಮೊಮ್ಮಗಳಿಂದ ವಾಲಿದ್ದು. ಸುಮನ ಹುಟ್ಟಿ ಐದು ವರ್ಷ ಎಂಟು ತಿಂಗಳಾಯಿತು. ಅಷ್ಟೂ ಕಾಲ ಆ ಹುಡುಗಿ ನೆಲದ ಮೇಲಿದ್ದದ್ದು ಕಡಿಮೆ, ಅಜ್ಜಿಯ ಬಗಲಲ್ಲಿದ್ದದ್ದು ಹೆಚ್ಚು. ಸಂತೆಗೆ ಹೋದರೂ ಬಗಲಲ್ಲೇ, ಹಿಟ್ಟಿನ ಗಿರಣಿಗೆ ಹೋದರೂ ಬಗಲಲ್ಲೇ. ಊಟವೂ ಅಲ್ಲೇ. ಅಜ್ಜಿ ಒಂದು ಕೈಯಲ್ಲಿ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ, "ಕಾಗಿ ನೋಡ, ಗುಬ್ಬಿ ನೋಡ" ಅನ್ನುತ್ತ ಬಾಯಿಗಿಡಬೇಕು. ಮೊಮ್ಮಗಳು ಕಾಗೆಯನ್ನೂ ಗುಬ್ಬಿಯನ್ನೂ ಚೆನ್ನಾಗಿ ನೋಡಿ, ಅರ್ಧ ತುತ್ತು ನುಂಗಿ ಅರ್ಧ ತುತ್ತನ್ನು ಅಜ್ಜಿಯ ಸೆರಗಿಗೆ ಒರೆಸಬೇಕು. ಅಂಗನವಾಡಿಯಲ್ಲಿ ಅವಳನ್ನು ತೂಗುವ ರೀತಿಯೇ ಬೇರೆಯಾಗಿತ್ತು. ಅಜ್ಜಿ ಮೊಮ್ಮಗಳು ಇಬ್ಬರನ್ನೂ ಒಟ್ಟಿಗೆ ತೂಗಿ, ಆಮೇಲೆ ಅಜ್ಜಿಯನ್ನು ಕಳೆಯುತ್ತಿದ್ದರು.

"ಇಳಸ್ರಿ ಅತ್ತಿ, ಆಕಿಗೂ ಕಾಲ ಅದಾವು" ಎಂದು ಸೊಸೆ ಶೈಲಾ ಹೇಳಿ ಹೇಳಿ ಸೋತಿದ್ದಳು.

ಇದಕ್ಕೆಲ್ಲ ಒಂದು ಕಾರಣವಿತ್ತು, ಆ ಕಾರಣದ ಹೆಸರು ಯಲ್ಲಪ್ಪ. ಯಮನವ್ವನ ಒಡಹುಟ್ಟಿದ ಅಣ್ಣ. ಯಮನವ್ವ ಗಿಡ್ಡ ಹೆಂಗಸು. ಬಸ್ಸಿನ ಮೇಲಿನ ಸರಳು ಅವಳ ಕೈಗೆ ಎಂದೂ ನೆಟ್ಟಗೆ ಸಿಕ್ಕಿಲ್ಲ. ಅವಳ ಅವ್ವನೂ ಗಿಡ್ಡ, ಅವ್ವನ ಅವ್ವನೂ ಗಿಡ್ಡ. ಆದರೆ ಈ ಸಾಕ್ಷಿಯನ್ನು ಅವಳು ಒಪ್ಪಳು. ಅವಳ ಪ್ರಕಾರ ಎಲ್ಲ ತಪ್ಪೂ ಯಲ್ಲಪ್ಪನದು. ಒಂಬತ್ತು ತಿಂಗಳ ಕೂಸಾಗಿದ್ದಾಗ ಅವಳನ್ನು ಪಡಸಾಲೆಯಲ್ಲಿ ಮಲಗಿಸಿದ್ದರಂತೆ. ಗಾಳಿಪಟದ ಹಿಂದೆ ಓಡುತ್ತಿದ್ದ ಈ ಮಹಾಶಯ ಅವಳನ್ನು ದಾಟಿ ಓಡಿದನಂತೆ. ಮಲಗಿದ ಕೂಸನ್ನು ದಾಟಿದರೆ ಅದು ಬೆಳೆಯುವುದಿಲ್ಲ, ದಾಟಿದವರೇ ಹೊಳ್ಳಿ, ಅಂದರೆ ತಿರುಗಿ ಬಂದು, ದಾಟಿದರೆ ಮಾತ್ರ ದೋಷ ಕಳೆಯುತ್ತದೆ, ಇದು ಊರಿಗೇ ಗೊತ್ತಿದ್ದ ಮಾತು. ಯಲ್ಲಪ್ಪ ಮಾತ್ರ ಹೊಳ್ಳಿ ದಾಟಲಿಲ್ಲ. ಇವತ್ತಿಗೂ ಪಂಚಮಿಗೆ ತಂಗಿಯ ಮನೆಗೆ ಬಂದಾಗ ಅವನಿಗೆ ಮೊದಲು ಬೈಗುಳ, ಆಮೇಲೆ ಉಂಡಿ. "ಈಗ ದಾಟ್ಲೇನವಾ? ಮಲ್ಕೋ, ದಾಟ್ತೇನಿ" ಎಂದು ಅವನು ಧೋತರ ಎತ್ತಿ ಕಟ್ಟಿದರೆ ಮನೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ.

ಹೀಗಾಗಿ ಮೊಮ್ಮಗಳು ಹುಟ್ಟಿದ ದಿನವೇ ಯಮನವ್ವ ನಿರ್ಧಾರ ಮಾಡಿದ್ದಳು. ನೆಲದ ಮೇಲೆ ಬಿಟ್ಟರೆ ತಾನೇ ಯಾರಾದರೂ ದಾಟುವುದು?

ಅಂಥ ಯಮನವ್ವನ ಬಗಲು ಈ ಸಲ ಇಡೀ ಮೇ ತಿಂಗಳು ಖಾಲಿ ಬಿದ್ದಿತ್ತು. ರಜೆಗೆಂದು ಸುಮನ ತಾಯಿಯ ತವರು ಹುಕ್ಕೇರಿಗೆ ಹೋಗಿದ್ದಳು. ಮದುವೆಯ ಸುಗ್ಗಿ, ಹೊಲಿಯಲು ಜಂಪರುಗಳ ರಾಶಿ ಬಿದ್ದಿತ್ತೆಂದು ಶೈಲಾ ಎಂಟೇ ದಿನಕ್ಕೆ ತಿರುಗಿ ಬಂದಳು. ಮಗಳು ಅಲ್ಲೇ ಉಳಿದಳು. ಯಮನವ್ವ ಒಂದೊಂದು ದಿನವನ್ನೂ ಹಲ್ಲು ಕಚ್ಚಿ ನೂಕುತ್ತಿದ್ದಳು. ಇನ್ನು ನಾಲ್ಕೇ ದಿನ ಅನ್ನುವಾಗ ಹುಕ್ಕೇರಿಯ ಬೀಗತಿ ಪಾರವ್ವನ ಫೋನು ಬಂತು.

"ಬೀಗರ, ಕೂತೀರೋ ನಿಂತೀರೋ? ನಿಂತಿದ್ರ ಕೂಡ್ರಿ."

"ಯಾಕ್ರಿ, ಏನಾತು? ಸುಮ್ಮಿ ಆರಾಮ ಅದಾಳಿಲ್ಲೋ?"

"ಆರಾಮಾ? ನಾಕ ಬೆರಳ ಬೆಳದಾಳ! ಯುಗಾದಿಗೆ ಬಂದಾಗ ನಮ್ಮ ದೇವರ ಕೋಣಿ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್‌ಲೇ ಗೆರಿ ಹೊಡದಿದ್ವಿ. ನಿನ್ನೆ ಹೊಡದ್ರ ನಾಕ ಬೆರಳ ಮ್ಯಾಲೆ ಹೋತು ನೋಡ್ರಿ! ನಿಮ್ಮಲ್ಲಿ ಐದ ವರ್ಷಾ ಜೋಪಾನ ಮಾಡಿ ಆಗಲಾರದ್ದು ನಮ್ಮಲ್ಲಿ ಒಂದ ತಿಂಗಳದಾಗ ಆತು. ನೀರಿನ ಗುಣ ಅಂದ್ರ ಹಂಗ. ಅದಕ್ಕ ನಾ ಏನಂತೇನಿ, ಒಂದನೇತ್ತಾಕ ಇಲ್ಲೇ ಸಾಲಿಗೆ ಹೆಸರ ಹಚ್ಚೂನು. ಸೋಮವಾರ ಹಚ್ಕೋತಾರಂತ."

ಯಮನವ್ವ ನಿಂತಿದ್ದಳು, ಕೂತಳು. ಬೀಗತಿಯ ಮಾತು ನಡೆದರೆ ಮೊಮ್ಮಗಳು ಇನ್ನು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಬಂದು ಹೋಗುವ ಅತಿಥಿ. ಸೊಸೆ ತನ್ನ ತಾಯಿಗೆ ಬೈದು ಬಿಡಬಹುದು ಎಂಬ ಆಸೆಯಿಂದ ಅವಳ ಮುಖ ನೋಡಿದಳು. ಶೈಲಾಳ ಕಣ್ಣಲ್ಲಿ ನೀರಿತ್ತು, ಆದರೂ ಅವಳು ಹೇಳಿದ್ದು ಬೇರೆಯೇ.

"ಅತ್ತಿ, ಆಕಿನ್ನ ಬಿಟ್ಟ ಇರೂದು ನನಗೇನ ಸುಲಭ ಐತೇನು? ಆದ್ರ ಕೂಸು ಬೆಳಿಯೂದು ಅಲ್ಲೇ ಅಂತಾದ್ರ, ಅಲ್ಲೇ ಇರ್ಲಿ."

ಮಗ ಬಾಳೇಶ ಟ್ರ್ಯಾಕ್ಟರ್ ಗ್ಯಾರೇಜಿನಿಂದ ಊಟಕ್ಕೆ ಬಂದವನು ಗ್ರೀಸ್ ಮೆತ್ತಿದ ಕೈ ತೊಳೆಯುತ್ತ ತೀರ್ಪು ಕೊಟ್ಟ. "ನೀವಿಬ್ರೂ ಹೋಗಿ ನೋಡ್ರಿ. ಖರೇನ ಬೆಳದಿದ್ರ ಅಲ್ಲೇ ಹಚ್ಚಿ ಬರ್ರಿ. ಇಲ್ಲಾಂದ್ರ ಕರಕೊಂಡ ಬರ್ರಿ. ನಾನಂತೂ ಗಿಡ್ಡ ಅದೇನಿ, ಆಕಿಯಾರ ಬೆಳೀಲಿ."

ಯಮನವ್ವ ಸುಮ್ಮನೆ ಕೂರುವವಳಲ್ಲ. ಶನಿವಾರ ಮುಂಜಾನೆಯೇ ಅಂಗನವಾಡಿಯ ದಾನೇಶ್ವರಿ ಟೀಚರ ಮುಂದೆ ಹೋಗಿ ನಿಂತಳು. ದಾನೇಶ್ವರಿ ಪುಟ್ಟ ಮಕ್ಕಳಿಗೆ ಶೇಂಗಾ ಚಿಕ್ಕಿ ಹಂಚುತ್ತಿದ್ದಳು. ನಾಲ್ಕು ಬೆರಳಿನ ಸುದ್ದಿ ಕೇಳಿ ಪಕ್ಕನೆ ನಕ್ಕಳು.

"ಎರಡ ತಿಂಗಳಕ್ಕ ನಾಕ ಬೆರಳ ಬೆಳಿಯಾಕ ಆಕಿ ಏನ ಕಬ್ಬೇನ್ರಿ? ಈ ವಯಸ್ಸಿನಾಗ ವರ್ಷಕ್ಕ ಅಷ್ಟ ಬೆಳದ್ರ ಭಾಳ ಆತು. ಆ ಗೆರೀದಾಗ ಏನೋ ಚುಕ್ ಆಗೇತಿ."

"ಹಂಗ ಅಂತೀರೇನ್ರಿ!" ಯಮನವ್ವನ ಮುಖ ಅರಳಿತು.

"ಎತ್ತರ ಅನ್ನೂದು ಅರ್ಧ ರಕ್ತದಾಗ ಬರತೈತಿ ಯಮನವ್ವಾರ. ನೀವೂ ಗಿಡ್ಡ, ಬಾಳೇಶಣ್ಣಾರೂ ಗಿಡ್ಡ. ಇಲ್ಲಿ ಬೆಳವಣಿಗಿ ಕಾರ್ಡಿನಾಗ ಆಕಿ ಗೆರಿ ಕೆಳಗ ಐತಿ, ಆದ್ರ ಹಾದಿ ಬಿಟ್ಟಿಲ್ಲ, ತನ್ನ ಪಾಡಿಗೆ ತಾ ಏರಾಕತ್ತೈತಿ. ಅದರ ಚಿಂತಿ ನನಗಿಲ್ಲ. ಉಳದ ಅರ್ಧ ಮನ್ಯಾಗ ಐತಿ ನೋಡ್ರಿ. ಏನ ತಿಂತಾಳ, ಎಷ್ಟ ಆಡತಾಳ, ಎಷ್ಟ ನಿದ್ದಿ ಮಾಡ್ತಾಳ, ಯಾರ ಕೂಡ ನಗತಾಳ. ನನ್ನ ಚಿಂತಿ ಇರೂದು ತೂಕದ್ದು. ಆರ ತಿಂಗಳಾತು, ಹದಿನಾಕ ಕಿಲೋ ಬಿಟ್ಟು ಮುಂದ ಹೋಗವೊಲ್ದು. ನೀವು ಆಕಿನ್ನ ಜರಾ ಕೆಳಗ..."

ಕೇಳಲು ಯಮನವ್ವ ಅಲ್ಲಿದ್ದರೆ ತಾನೇ. ಬೇಕಾದ ಅರ್ಧ ಸಿಕ್ಕಿತ್ತು, ಬೇಡದ ಅರ್ಧವನ್ನು ಟೀಚರ ಬಳಿಯೇ ಬಿಟ್ಟು ಅವಳಾಗಲೇ ಬೀದಿಯ ತಿರುವಿನಲ್ಲಿದ್ದಳು.

ಭಾನುವಾರ ಅತ್ತೆ ಸೊಸೆ ಇಬ್ಬರೂ ಹೊರಟರು. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಯಮನವ್ವ ಒಂದು ಕಿಲೋ ಕರದಂಟು ಕಟ್ಟಿಸಿದಳು. ಜಗಳಕ್ಕೆ ಹೋದರೂ ಬೀಗರ ಮನೆಗೆ ಖಾಲಿ ಕೈಯಲ್ಲಿ ಹೋಗಬಾರದು. ಘಟಪ್ರಭಾ ದಾಟಿ, ಧುಪದಾಳದ ಹಾದಿ ಹಿಂದೆ ಸರಿದು, ಹುಕ್ಕೇರಿ ಹತ್ತಿರವಾದಂತೆ ಅವಳಿಗೆ ಬೀಗತಿಗಿಂತ ಹೆಚ್ಚಾಗಿ ಆ ಮನೆಯ ಮಣೆಯ ನೆನಪು ಚುಚ್ಚತೊಡಗಿತು.

ಏಳು ವರ್ಷದ ಹಿಂದೆ ಕನ್ಯೆ ನೋಡಲು ಹೋದಾಗಿನ ಮಾತು. ಪಾರವ್ವನ ಮನೆಯ ದೇವರ ಕೋಣೆಯ ಚೌಕಟ್ಟಿಗೆ ಒಂದು ಹಿತ್ತಾಳೆಯ ಗಂಟೆ ತೂಗುತ್ತದೆ. ಒಳಗೆ ಹೋಗುವವರೆಲ್ಲ ಅದನ್ನು ಬಾರಿಸಿ ಕೈ ಮುಗಿಯಬೇಕು. ಯಮನವ್ವ ಕೈ ಎತ್ತಿದಳು, ಸಿಗಲಿಲ್ಲ. ತುದಿಗಾಲ ಮೇಲೆ ನಿಂತಳು, ಕೂದಲೆಳೆಯಲ್ಲಿ ತಪ್ಪಿತು. ಎರಡು ಮನೆಯ ಮಂದಿ ನೋಡುತ್ತಿರುವಾಗ ಜಿಗಿದಳು, ನಿರಿಗೆ ಕಾಲಿಗೆ ತೊಡರಿ ಆಗಲೂ ಸಿಗಲಿಲ್ಲ. ಆಗ ಪಾರವ್ವ ಒಳಗೆ ತಿರುಗಿ, "ಬೀಗರಿಗೆ ಒಂದ ಮಣಿ ತರ್ರೋ!" ಎಂದು ಕೂಗಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅನ್ನುತ್ತಾರಲ್ಲ, ಹಾಗಾಯಿತು. ಆಮೇಲೆ ಹೋದಾಗಲೆಲ್ಲ ಆ ಮಣೆ ಅವಳಿಗಿಂತ ಮೊದಲು ದೇವರ ಕೋಣೆಯ ಮುಂದೆ ಬಂದು ಕೂತಿರುತ್ತಿತ್ತು.

ಬಾಗಿಲಿಗೆ ಬರುವ ಮೊದಲೇ ಬೀದಿಯಲ್ಲೇ ಸುಮನ ಸಿಕ್ಕಳು. ಮಾವನ ಮಕ್ಕಳು, ನೆರೆಮನೆಯ ಮಕ್ಕಳು ಎಲ್ಲ ಸೇರಿ ಕುಂಟಬಿಲ್ಲೆ ಆಡುತ್ತಿದ್ದರು. ಕೂದಲ ತುಂಬ ಮಣ್ಣು, ಮೊಣಕಾಲಿಗೆ ಅರಿಸಿನದ ಪಟ್ಟಿ, ಗಲ್ಲದ ಮೇಲೆ ಮಾವಿನಹಣ್ಣಿನ ರಸ. "ಆಯೀ!" ಎಂದು ಕೂಗುತ್ತ ಓಡಿ ಬಂದು ಅಜ್ಜಿಯನ್ನು ತೆಕ್ಕೆ ಹಾಯ್ದಳು. ಯಮನವ್ವ ಎತ್ತಿ ಎಡ ಬಗಲಿಗೆ ಹಾಕಿಕೊಂಡಳು.

ಸೊಂಟ ಕಳಕ್ಕೆಂದಿತು.

ಐದು ವರ್ಷ ಹೊತ್ತ ಸೊಂಟವದು. ಅದಕ್ಕೆ ತಿಳಿದದ್ದು ಅಂಗನವಾಡಿಯ ತೂಕದ ಯಂತ್ರಕ್ಕೂ ತಿಳಿಯದು. ಯಮನವ್ವ ಏನೂ ಆಗದವಳಂತೆ ಮೊಮ್ಮಗಳ ತಲೆಯ ಮಣ್ಣು ಕೊಡವಿದಳು. ಅಷ್ಟರಲ್ಲಿ ಸುಮನ ಮೀನಿನಂತೆ ಜಾರಿ ಕೆಳಗಿಳಿದಳು. "ಬಿಡ ಆಯಿ, ನನ್ನ ಪಾಳಿ ಐತಿ."

ಒಳಗೆ ಕಾಲಿಟ್ಟರೆ ಮನೆಯೆಲ್ಲ ಥಳಥಳ. ಶೈಲಾಳ ಅಣ್ಣ ಶಿವಕುಮಾರ ನೆಲಕ್ಕೆ ಕರಿ ಗ್ರಾನೈಟ್ ಹಾಸಿಸಿದ್ದ. ಬಂದವರಿಗೆ ನೀರು ಕೊಡುವ ಮೊದಲು ನೆಲ ತೋರಿಸುವುದು ಅವನ ಹೊಸ ಚಟ.

"ಕನ್ನಡಿಗತೆ ಮಾರಿ ಕಾಣತೈತಿ ನೋಡ್ರಿ ಅತ್ತಿ! ಹಳೇ ಫರಸಿ ಕಲ್ಲ ಕಿತ್ತಿಲ್ಲರಿ, ಸುಮ್ನ ಯಾಕ ಧೂಳ ಎಬ್ಬಿಸೂದು? ಅದರ ಮ್ಯಾಲೇ ಉಸುಕು ಸಿಮಿಟ್ ಹಾಕಿ ಹಾಸಿಬಿಟ್ವಿ. ಬಸವ ಜಯಂತಿ ಹೊತ್ತಿಗೆ ಎಲ್ಲಾ ಮುಗೀತು."

"ಭೇಷಿ ಆತಪಾ" ಎಂದಳು ಯಮನವ್ವ. ಅವಳ ಮನಸ್ಸು ನೆಲದ ಮೇಲಿರಲಿಲ್ಲ.

ಊಟಕ್ಕೆ ಮಕ್ಕಳೆಲ್ಲ ಸಾಲಾಗಿ ಕೂತರು. ಯಮನವ್ವ ಅಭ್ಯಾಸದಂತೆ ತುತ್ತು ಕಲಸಿ ಕಾಗೆ ಎಲ್ಲಿದೆ ಎಂದು ಕಿಟಕಿಯತ್ತ ನೋಡಿದಳು. ಇತ್ತ ಸುಮನ ತನ್ನ ತಾಟು ತಾನೇ ಎಳೆದುಕೊಂಡು, ಜೋಳದ ರೊಟ್ಟಿ ಮುರಿದು, ಹೆಸರುಕಾಳಿನ ಪಲ್ಯ ಒತ್ತಿ, ಪಕ್ಕದವಳಿಗಿಂತ ಮೊದಲು ಮುಗಿಸಬೇಕೆಂಬ ಹಟದಲ್ಲಿ ತಿನ್ನುತ್ತಿದ್ದಳು. ಒಂದು ರೊಟ್ಟಿ ಮುಗಿಯಿತು. "ಆಯಿ, ಇನ್ನೊಂದ!" ಎಂದು ಪಾರವ್ವನಿಗೆ ಕೂಗಿದಳು. ಅದೂ ಮುಗಿಯಿತು. ಮೇಲೆ ಗಟ್ಟಿ ಮೊಸರು. ಕಾಗೆಯೂ ಬರಲಿಲ್ಲ, ಗುಬ್ಬಿಯೂ ಬರಲಿಲ್ಲ. ಯಮನವ್ವನ ಕೈಯಲ್ಲಿನ ತುತ್ತು ಹಾಗೇ ಉಳಿಯಿತು. ಕೊನೆಗೆ ಅದನ್ನು ಅವಳೇ ತಿಂದಳು.

ಊಟವಾದ ಮೇಲೆ ನ್ಯಾಯ ಶುರುವಾಯಿತು. ಪಾರವ್ವ ಎಲ್ಲರನ್ನೂ ದೇವರ ಕೋಣೆಯ ಚೌಕಟ್ಟಿನ ಮುಂದೆ ಕರೆದೊಯ್ದಳು. ಎರಡು ಪೆನ್ಸಿಲ್ ಗೆರೆ. ಕೆಳಗಿನದಕ್ಕೆ ಯುಗಾದಿ ಎಂದು ಬರೆದಿತ್ತು. ಎರಡರ ನಡುವೆ ಪಾರವ್ವ ತನ್ನ ನಾಲ್ಕು ಬೆರಳು ಜೋಡಿಸಿ ಇಟ್ಟಳು, ಗೆರೆಯಿಂದ ಗೆರೆಗೆ ಸರಿಯಾಗಿ ಕೂತವು. ಸುಮನಳನ್ನು ಕರೆದು ನಿಲ್ಲಿಸಿದಳು. ತಲೆ ಮೇಲಿನ ಗೆರೆಗೇ ಮುಟ್ಟಿತು.

"ನೋಡ್ರಿ! ಇನ್ನೇನ ಸಾಕ್ಷಿ ಬೇಕ್ರಿ ಬೀಗರ? ಆ ಬಸವಣ್ಣನ ಮುಂದ ನಿಂತು ಹೇಳತೇನಿ, ಒಂದ ಕೂದಲೆಳೆ ಸುಳ್ಳಿಲ್ಲ."

ಶೈಲಾ ಮಗಳ ತಲೆ ಸವರಿ, "ಆತವ್ವಾ, ಹಂಗಾದ್ರ ಇಲ್ಲೇ ಹಚ್ಚೂನು" ಎಂದು ಸಣ್ಣ ದನಿಯಲ್ಲಿ ಹೇಳಿದಳು.

ಯಮನವ್ವನಿಗೆ ಟೀಚರ ನಗು ನೆನಪಾಯಿತು, ಆದರೆ ಟೀಚರು ಮೂಡಲಗಿಯಲ್ಲಿದ್ದಾಳೆ, ಗೆರೆ ಕಣ್ಣ ಮುಂದಿದೆ. ಮಗ ಹೇಳಿ ಕಳಿಸಿದ್ದು ಅದನ್ನೇ: ಖರೆ ಆದರೆ ಬಿಟ್ಟು ಬಾ. ಶಿವನೇ, ನೀನೇ ದಾರಿ ತೋರು ಎಂದು ಅವಳು ದೇವರ ಕಡೆ ತಿರುಗಿ, ಮಣೆಯ ನೆನಪೂ ಇಲ್ಲದೆ, ಕೈ ಎತ್ತಿದಳು.

ಠಣ್!

ಯಮನವ್ವ ತನ್ನ ಕೈ ನೋಡಿಕೊಂಡಳು. ಇನ್ನೊಮ್ಮೆ ಎತ್ತಿದಳು. ಠಣ್! ತುದಿಗಾಲಿಲ್ಲ, ಜಿಗಿತವಿಲ್ಲ, ಮಣೆಯಂತೂ ಇಲ್ಲವೇ ಇಲ್ಲ.

"ಗಂಟಿ ಕೆಳಗ ಇಳಿಸೀರೇನ್ರಿ?" ಎಂದಳು.

"ಇಲ್ಲಲ್ರಿ" ಎಂದ ಶಿವಕುಮಾರ. "ನಮ್ಮ ಅಜ್ಜನ ಕಾಲದ ಸರಪಳಿ, ಯಾರೂ ಮುಟ್ಟಿಲ್ಲ."

ಆಗ ಯಮನವ್ವನ ತಲೆಯಲ್ಲಿ ಮಿಂಚು ಹೊಡೆಯಿತು. ಹೋದ ವಾರ ಯಲ್ಲಪ್ಪ ಬಂದಿದ್ದ! ಮಧ್ಯಾಹ್ನ ತಾನು ಕಟ್ಟೆಯ ಮೇಲೆ ಅಡ್ಡಾಗಿದ್ದೆ! ಎದ್ದಾಗ ಅಣ್ಣ ಆಚೆ ಬದಿಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ!

"ದಾಟ್ಯಾನ!" ಎಂದು ಚೀರಿದಳು. "ನನ್ನ ಅಣ್ಣ ಹೊಳ್ಳಿ ದಾಟ್ಯಾನ! ಅರವತ್ತೆರಡಕ್ಕ ನಾ ಬೆಳದೇನಿ ನೋಡ ಶೈಲಾ! ಬೆಳದೇನಿ!"

ಠಣ್ ಠಣ್ ಠಣ್! ಮಕ್ಕಳಿಗೆ ಇಷ್ಟೇ ಸಾಕಿತ್ತು. ಬೀದಿಯಲ್ಲಿದ್ದವರೂ ಒಳಗೆ ಓಡಿ ಬಂದು ಕುಣಿಯತೊಡಗಿದರು. ಅತ್ತೆಗೆ ಬಿಸಿಲು ಬಡಿಯಿತೇ ಎಂದು ಶೈಲಾ ಗಾಬರಿಯಾಗಿ ನೀರು ತರಲು ಓಡಿದಳು. ಯಮನವ್ವ ಒಂದೊಂದು ಸಲ ಬಾರಿಸಿದಾಗಲೂ ಎಷ್ಟು ಬೆಳೆದಿದ್ದೇನೆಂದು ಕೈ ಚಾಚಿ ಅಳೆಯುತ್ತಿದ್ದಳು. ಮೊದಲು ಗಂಟೆಗೂ ಕೈಗೂ ನಡುವೆ ಎಷ್ಟು ಕಡಿಮೆ ಬೀಳುತ್ತಿತ್ತು? ನಾಲ್ಕು ಬೆರಳು. ಈಗ ಎಷ್ಟು ಬೆಳೆದಂತಾಯಿತು? ನಾಲ್ಕು ಬೆರಳು.

ನಾಲ್ಕು ಬೆರಳು.

ಕೈ ಗಂಟೆಯ ಮೇಲೆಯೇ ನಿಂತಿತು. ಅಜ್ಜಿಗೂ ನಾಲ್ಕು, ಮೊಮ್ಮಗಳಿಗೂ ನಾಲ್ಕು. ಇದೆಂಥ ಲೆಕ್ಕ? ಯಲ್ಲಪ್ಪ ಸುಮನಳನ್ನಂತೂ ದಾಟಿಲ್ಲ. ಯಮನವ್ವ ಮೆಲ್ಲಗೆ ತಲೆ ಬಗ್ಗಿಸಿ ಕಾಲ ಬಳಿ ನೋಡಿದಳು. ಈ ದೇವರ ಕೋಣೆಯ ಹೊಸ್ತಿಲು ಅವಳಿಗೆ ಚೆನ್ನಾಗಿ ನೆನಪಿತ್ತು. ಮೊದಲ ಸಲ ಬಂದಾಗ ಸೀರೆಯ ನಿರಿಗೆ ಎತ್ತಿ ಹಿಡಿದು ದಾಟಬೇಕಾದಷ್ಟು ಎತ್ತರವಿತ್ತು. ಈಗ ಅದು ನೆಲದಿಂದ ಬರೀ ಒಂದೆರಡು ಬೆರಳು ಮೇಲಿತ್ತು.

"ಶಿವಕುಮಾರ, ನಿಮ್ಮ ಹೊಸ್ತಿಲಾ ಯಾರ ತಿಂದ್ರಪಾ?"

ಶಿವಕುಮಾರ ಬಗ್ಗಿ ನೋಡಿದ. ಹಿತ್ತಲ ಬಾಗಿಲಿಗೆ ಓಡಿದ. ಅಲ್ಲಿ ಹಳೆಯ ಫರಸಿಯೂ ಹೊಸ ಗ್ರಾನೈಟೂ ಒಂದರ ಮೇಲೊಂದು ಕಾಣುತ್ತಿದ್ದವು. ಹಿಂದೆಯೇ ಹೋದ ಪಾರವ್ವ ಕುಕ್ಕರುಗಾಲಲ್ಲಿ ಕೂತು ಆ ಅಂಚಿಗೆ ಬೆರಳು ಹಚ್ಚಿದಳು. ಒಂದು, ಎರಡು, ಮೂರು, ನಾಲ್ಕು. ಉಸುಕು, ಸಿಮೆಂಟು, ಕಲ್ಲು ಎಲ್ಲ ಸೇರಿ ಸರಿಯಾಗಿ ನಾಲ್ಕೇ ಬೆರಳು.

"ಬೆಳದದ್ದು ಸುಮ್ಮಿ ಅಲ್ರಿ ಬೀಗರ!" ಯಮನವ್ವ ಚಪ್ಪಾಳೆ ತಟ್ಟಿದಳು. "ಬೆಳದದ್ದು ನಿಮ್ಮ ನೆಲ! ಒಂದ ಗಳಿಗ್ಯಾಗ ನನ್ನೂ ಬೆಳಸೇತಿ. ಏನ ನೀರ್ರಿ ನಿಮ್ಮೂರದ್ದು!"

ಪಾರವ್ವ ಒಂದು ಕ್ಷಣ ಸಿಟ್ಟಾಗಲೋ ಎಂದು ನೋಡಿದಳು. ಆಗಲಿಲ್ಲ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಹೆಗಲು, ಕೊನೆಗೆ ಅವಳು ಗ್ರಾನೈಟಿನ ಮೇಲೆಯೇ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅಯ್ಯ ಶಿವನ! ದಿನಾ ಮುಂಜಾನಿ ಆ ಹೊಸ್ತಿಲಕ್ಕ ಅರಿಷಿಣ ಹಚ್ಚಾಕಿ ನಾನ! ನನ್ನ ಕಣ್ಣಿಗೆ ಏನ ಹೊಗಿ ಹಾಕಿದ್ರೇ ಯವ್ವಾ!"

ಶೈಲಾ ಮಗಳನ್ನು ಎಳೆದು ಅಪ್ಪಿಕೊಂಡು, "ಹಂಗಾದ್ರ ಮೂಡಲಗಿ ಸಾಲೀನ ಆತು" ಎಂದಳು. ಅವಳ ದನಿಯಲ್ಲಿ ಈಗ ಉಸಿರಿತ್ತು.

ಯಮನವ್ವ ಗೆದ್ದಿದ್ದಳು. ಜಾಣೆಯಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚಿ, ಕರದಂಟಿನ ಡಬ್ಬಿ ಬಿಚ್ಚಿ, ಸಂಜೆಯ ಬಸ್ಸಿಗೆ ಮೊಮ್ಮಗಳನ್ನು ಹೊತ್ತು ಹೊರಡಬಹುದಿತ್ತು. ಆದರೆ ಎಡ ಸೊಂಟ ಇನ್ನೂ ಚುಳುಚುಳು ಅನ್ನುತ್ತಿತ್ತು. ಟೀಚರ ಬಳಿ ಬಿಟ್ಟು ಬಂದ ಇನ್ನರ್ಧ ಮಾತು ಅದೇ ಹೊತ್ತಿಗೆ ಬಂದು ಕಿವಿಯಲ್ಲಿ ಕೂತಿತು. ಎಲ್ಲರೂ ನಗುತ್ತಿರುವಾಗಲೇ ಅವಳು ಅಡುಗೆಮನೆಯ ಗೋಡೆಗೆ ಒರಗಿ ಕೂತುಬಿಟ್ಟಳು.

"ಬೀಗರ, ಖರೆ ಒಂದ ಮಾತ ಹೇಳತೇನಿ. ಸುಮ್ಮಿ ಉದ್ದ ಬೆಳದಿಲ್ಲ ಖರೆ. ಆದ್ರ ಭಾರ ಆಗ್ಯಾಳ. ಒಂದ ಕಿಲೋ ಅಂತೂ ಆಗ್ಯಾಳ. ತಕ್ಕಡಿ ಬ್ಯಾಡ, ಮುಂಜಾನಿ ಎತ್ತಿದಾಗ ನನ್ನ ಸೊಂಟ ಹೇಳಿತು."

ಎಡ ಸೊಂಟ ಒತ್ತಿಕೊಳ್ಳುತ್ತ ಅವಳೇ ಮುಂದುವರಿಸಿದಳು.

"ಯಾರೂ ದಾಟಬಾರ್ದು ಅಂತ ನಾ ಆಕಿನ್ನ ನೆಲಕ್ಕ ಬಿಡಲಿಲ್ಲ. ನೆಲಕ್ಕ ಬಿಡಲಿಲ್ಲಂತ ಆಡಲಿಲ್ಲ. ಆಡಲಿಲ್ಲಂತ ಹಸಿವಿ ಆಗಲಿಲ್ಲ. ಹಸಿವಿ ಇಲ್ದಾಕಿಗೆ ಕಾಗಿ ತೋರ್ಸಿ ತುರುಕಿದೆ. ಇಲ್ಲಿ ಎರಡ ರೊಟ್ಟಿ ತಿಂದ್ಲಲ್ರಿ, ತನ್ನ ಕೈಲೆ ತಾ! ಬಗಲಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡಿಕ್ಯಾಡಿದ್ಲಂತ, ಆಕಿ ಬ್ಯಾರೆ ಯಾರೂ ಅಲ್ಲ, ನಾನ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೂಸು ಇಲ್ಲೇ ಇರ್ಲಿ ಅಂತ ನೀವಂದ್ರ ನನ್ನ ಕಡೆ ಮಾತಿಲ್ಲ."

ಪಾರವ್ವ ಎದ್ದು ಬಂದು ಪಕ್ಕದಲ್ಲಿ ಕೂತಳು. ಅವಳಿಗೂ ಮೊಮ್ಮಗಳು ಬೇಕಿತ್ತು, ಸುಳ್ಳೇಕೆ.

"ಯಮನವ್ವಾರ, ಅಳಬ್ಯಾಡ್ರಿ. ಆಕಿ ರಾತ್ರಿ ನಿದ್ದಿಗಣ್ಣಾಗ ಕರದದ್ದು ನಿಮ್ಮನ್ನ, ನನ್ನಲ್ಲ. ಒಂದ ಕೆಲಸ ಮಾಡೂನು. ಇವತ್ತ ಇಲ್ಲಿಂದ ನಿಮ್ಮ ಮನಿ ಹೊಸ್ತಿಲಾ ದಾಟೂತನಕ ಆಕಿನ್ನ ಒಮ್ಮೆನೂ ಎತ್ತಬಾರ್ದು. ಎತ್ತಿದ್ರೋ, ನಾಳಿ ಹುಕ್ಕೇರಿ ಸಾಲಿ. ಎತ್ತಲಿಲ್ಲೋ, ಮೂಡಲಗಿ ಸಾಲಿ. ನಾ ಬಾಜೂಕ ಇರ್ತೇನಿ, ಗೋಕಾಕತನಕ ಬಂದು ನೋಡತೇನಿ."

"ನನ್ನ ಮಗಳ ಸಾಲಿ ಕುಸ್ತಿ ಕಣದಾಗ ತೀರ್ಮಾನ ಆಗಾಕತ್ತೈತಿ" ಎಂದಳು ಶೈಲಾ. ಆದರೆ ಬೇಡ ಅನ್ನಲಿಲ್ಲ. ಅತ್ತೆಯ ಬಗಲು ಬಿಡಿಸುವ ಇಂಥ ಮದ್ದು ಮತ್ತೆ ಸಿಕ್ಕೀತೆ?

ಹೊರಟರು. ಹುಕ್ಕೇರಿಯ ಬಸ್‌ಸ್ಟ್ಯಾಂಡಿನವರೆಗೆ ಸುಮನ ಕುಂಟುತ್ತ, ಓಡುತ್ತ, ಚರಂಡಿ ಜಿಗಿಯುತ್ತ ನಡೆದಳು. ಯಮನವ್ವ ಖಾಲಿ ಬಗಲನ್ನು ಏನು ಮಾಡಬೇಕೋ ತಿಳಿಯದೆ ಪಾರವ್ವನ ಚೀಲವನ್ನು ಅಲ್ಲಿಗೆ ಸಿಕ್ಕಿಸಿಕೊಂಡಳು. ಗೋಕಾಕದವರೆಗೂ ಯಾವ ಅಪಾಯವೂ ಬರಲಿಲ್ಲ. ಪಾರವ್ವನ ಮುಖ ಸಣ್ಣಗಾಗುತ್ತ ಬಂತು.

ಗೋಕಾಕದ ಸ್ಟ್ಯಾಂಡಿನಲ್ಲಿ ಮದುವೆಗಳಿಂದ ಮರಳುವ ಜನ ಜಾತ್ರೆಯಂತೆ ತುಂಬಿದ್ದರು. ಓಡುತ್ತಿದ್ದ ಸುಮನ ಯಾರದೋ ಟ್ರಂಕಿಗೆ ಎಡವಿ ದಬಕ್ಕನೆ ಬಿದ್ದಳು. ಹಳೆಯ ಗಾಯವೇ ಮತ್ತೆ ತರಚಿತು. "ಆಯೀ!" ಎಂದು ಅತ್ತು, ಎರಡೂ ಕೈ ಮೇಲೆತ್ತಿದಳು.

ಆ ಎರಡು ಕೈಗಳನ್ನು ನೋಡಿ ನಿಲ್ಲುವುದು ಎಂಥ ಕಷ್ಟ ಅನ್ನುವುದನ್ನು ಹೊತ್ತವರೇ ಬಲ್ಲರು. ಯಮನವ್ವನ ತೋಳು ತಾವಾಗಿಯೇ ಮುಂದೆ ಹೋದವು. ಪಾರವ್ವನ ಕಣ್ಣು ಅರಳಿತು. ಮರುಕ್ಷಣ ಯಮನವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಧೂಳು ನೋಡದೆ, ಮಂದಿ ನೋಡದೆ, ಮೊಮ್ಮಗಳ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

"ನೀ ಏಳೂತನಕ ನಾನೂ ಇಲ್ಲೇ ಕೂಡತೇನವಾ. ಅಳಾಕ ಬೇಕಾದ್ರ ಅಳು, ಇಬ್ರೂ ಕೂಡಿ ಅಳೂನು."

ಅಷ್ಟರಲ್ಲಿ ತಲೆಯ ಮೇಲೆ ಮೂಟೆ ಹೊತ್ತ ಒಬ್ಬ ದೊಡ್ಡಾಳು ಅವಸರದಲ್ಲಿ ಬಂದು, ಯಮನವ್ವನ ಚಾಚಿದ ಕಾಲುಗಳನ್ನು ಸಲೀಸಾಗಿ ದಾಟಿ ಹೋದ.

"ಏ ತಮ್ಮಾ!" ಯಮನವ್ವ ಕಿರುಚಿದಳು. "ಹೊಳ್ಳಿ ದಾಟೋ! ಹೊಳ್ಳಿ ದಾಟೋ!"

ಅವನು ತಿರುಗಿಯೂ ನೋಡಲಿಲ್ಲ. ಸುಮನಳ ಅಳು ಅರ್ಧಕ್ಕೇ ನಿಂತಿತು. "ಆಯಿ, ಇನ್ನ ನೀ ಬೆಳಿಯಂಗಿಲ್ಲ!" ಎಂದು ಕಿಲಕಿಲ ನಕ್ಕು, ಮೂಗು ಸುರಕ್ಕೆನಿಸಿ, ಮೊಣಕಾಲಿಗೆ ತಾನೇ ಉಫ್ ಎಂದು ಊದಿಕೊಂಡು ಎದ್ದಳು. ಎದ್ದವಳು ಅಜ್ಜಿಯ ಕೈ ಹಿಡಿದು ಎಳೆದಳು. ಐದು ವರ್ಷದಲ್ಲಿ ಮೊದಲ ಸಲ ಮೊಮ್ಮಗಳು ಅಜ್ಜಿಯನ್ನು ಎತ್ತಿದಳು.

ಮೂಡಲಗಿಯ ಬಸ್ಸು ಬಂದೇ ಬಂತು. ಜನ ಬಾಗಿಲಿಗೆ ಮುತ್ತಿದರು; ಕಿಟಕಿಗಳಿಂದ ಟವೆಲ್ಲು, ಕರವಸ್ತ್ರ, ಚೀಲ ಎಲ್ಲ ಒಳಗೆ ಹಾರಿದವು. ಶೈಲಾ ನೂಕುನುಗ್ಗಲಿನಲ್ಲಿ ಸಿಕ್ಕಳು, ಅಜ್ಜಿಯರಿಬ್ಬರೂ ಹಿಂದುಳಿದರು. ತಿರುಗಿ ನೋಡಿದರೆ ಸುಮನ ಇಲ್ಲ.

"ಸುಮ್ಮೀ!" ಇಬ್ಬರೂ ಒಂದೇ ದನಿಯಲ್ಲಿ ಕೂಗಿದರು.

"ಇಲ್ಲೇ ಅದೇನ್ರೀ! ಲಗೂನ ಬರ್ರೀ!"

ದನಿ ಬಸ್ಸಿನೊಳಗಿಂದ ಬಂತು. ಮಂದಿಯ ಕಾಲುಗಳ ನಡುವೆ ನುಸುಳಿ ಅವಳು ಎಲ್ಲರಿಗಿಂತ ಮೊದಲು ಒಳಗೆ ಸೇರಿದ್ದಳು. ಗಿಡ್ಡ ಇದ್ದದ್ದಕ್ಕೇ ಆದ ಕೆಲಸ ಅದು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಸುಮ್ಮನೆ ಅಂದಿಲ್ಲ. ಯಮನವ್ವ ಏದುಸಿರು ಬಿಡುತ್ತ ಹತ್ತಿ ನೋಡಿದರೆ, ಮೂರು ಜನರ ಸೀಟಿನ ಮೇಲೆ ಹುಡುಗಿ ಉದ್ದಕ್ಕೆ ಮಲಗಿದ್ದಳು. ಕೈ ಎರಡನ್ನೂ ತಲೆಯಾಚೆ ಚಾಚಿ ಕಿಟಕಿಯ ಸರಳು ಹಿಡಿದು, ಕಾಲು ಇತ್ತ ತುದಿಗೆ ಒತ್ತಿ, ಮೈಯೆಲ್ಲ ಬಿಗಿ ಹಿಡಿದು ಇಡೀ ಸೀಟು ತುಂಬಿದ್ದಳು. ಬೇರೆ ಯಾರಿಗೂ ಒಂದು ಬೆರಳಿನಷ್ಟೂ ಜಾಗ ಬಿಟ್ಟಿರಲಿಲ್ಲ.

"ನಿನಗ, ಅವ್ವಗ, ಹುಕ್ಕೇರಿ ಆಯಿಗೆ! ಮೂರೂ ಹಿಡದೇನಿ!"

ಯಮನವ್ವ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೋಡ್ರಿ ಬೀಗರ," ಎಂದಳು, "ಮೂರ ಮಂದಿಗೆ ಸಾಲೂವಷ್ಟ ಉದ್ದ ಅದಾಳ. ಇನ್ನೆಷ್ಟ ಬೆಳಿಬೇಕ್ರಿ?"

ಗೋಕಾಕದಿಂದಲೇ ಹೊಳ್ಳಿ ಹೋಗಬೇಕಿದ್ದ ಪಾರವ್ವ ಮೂರನೆಯ ಜಾಗದಲ್ಲಿ ಕೂತು ಮೂಡಲಗಿಗೆ ಟಿಕೆಟ್ ತೆಗೆಸಿದಳು. ಬಸ್ಸು ಹೊರಟಿತು. ಆಗೊಂದು ಹೊಸ ತಂಟೆ ಎದ್ದಿತು: ಮೂವರು ಕೂತರೆ ಹುಡುಗಿ ಎಲ್ಲಿ? ತೊಡೆಯ ಮೇಲೆ ಕೂರಿಸಿಕೊಂಡರೆ ಅದು ಎತ್ತಿಕೊಂಡ ಲೆಕ್ಕವೋ ಅಲ್ಲವೋ? ಯಮನವ್ವ ಕೈಗಳನ್ನು ಮತ್ತೆ ಸೆರಗಿಗೆ ಸುತ್ತಿಕೊಂಡಳು.

ಪಾರವ್ವ ಹೊರಗೆ ನೋಡುತ್ತ ಹೇಳಿದಳು. "ಕೂಡ್ರಿಸ್ಕೋರಿ ಯಮನವ್ವಾರ. ತೊಡಿ ಲೆಕ್ಕಕ್ಕಿಲ್ಲ."

ಯಮನವ್ವ ಸೆರಗು ಬಿಚ್ಚಿ ತೊಡೆ ತಟ್ಟಿ ಕರೆದಳು. ಸುಮನ ಬಂದಳು. ತನ್ನ ಪುಟ್ಟ ಚೀಲವನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. "ಇದನ್ನ ಹಿಡಕೋ ಆಯಿ. ನಾ ನಿಂದರ್ತೇನಿ, ಕಿಟಕ್ಯಾಗ ನೋಡಬೇಕು" ಎಂದು ಮುಂದಿನ ಸೀಟಿನ ಸರಳು ಹಿಡಿದು ಕಾಲು ಅಗಲಿಸಿ ನಿಂತುಬಿಟ್ಟಳು.

ಯಮನವ್ವ ಪಂದ್ಯ ಗೆದ್ದಳು. ಮೂಡಲಗಿ ಮುಟ್ಟುವವರೆಗೂ ಅವಳು ಆ ಚೀಲವನ್ನು ಎಡ ಬಗಲಿಗೆ ಒತ್ತಿಕೊಂಡೇ ಕೂತಿದ್ದಳು.